ಚೌತಿ ಊಟಕ್ಕೆ ತೆಂಗಿನಕಾಯಿ ಲೆಕ್ಕ

ಪುತ್ತೂರಿನ ಮನೆಯಲ್ಲಿ ನಡೆಯುತ್ತಿದ್ದ ಚೌತಿ, ಮಾವ ತೀರಿಕೊಂಡ ಮೇಲೆ, ಮಂಗಳೂರು ಬಿಜೈಯಲ್ಲಿರುವ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂತು. ಜೊತೆಗೆ ಅತ್ತೆ ಬಂದರು, 22 ಎಲೆಯ ಊಟವೂ ಬಂತು. ಅಲ್ಲಿ ಸೌದೆ ಒಲೆ, ಅರೆಯುವ ಕಲ್ಲು, ನಾಲ್ಕಾರು ಹೆಂಗಸರು, ಹಿತ್ತಿಲು ತುಂಬ ಬಾಳೆ ಇತ್ತು. ಇಲ್ಲಿ ಎರಡು ಬರ್ನರಿನ ಗ್ಯಾಸ್, ಒಂದು ಮಿಕ್ಸಿ ಮತ್ತು ನಾನು.

ಮೊದಲ ವರ್ಷ ಜಾಣತನ ತೋರಿಸಲು ಹೋದೆ. ಬೆಳಗ್ಗಿನ ಕೆಲಸ ಹಗುರಾಗಲಿ ಎಂದು ಮಜ್ಜಿಗೆಹುಳಿಗೆ ಬೇಕಾದ ಕಾಯಿಯನ್ನು ರಾತ್ರಿಯೇ ಅರೆದು ಫ್ರಿಜ್ಜಿನಲ್ಲಿಟ್ಟೆ. ಗಾಳಿಮಳೆಗೆ ನಡುರಾತ್ರಿ ಹೋದ ಕರೆಂಟು ಬಂದದ್ದು ಬೆಳಗ್ಗೆ ಏಳೂವರೆಗೆ. ಮುಚ್ಚಳ ತೆಗೆದಾಗ ಬಂದ ವಾಸನೆಯೇ ಸಾಕಾಯಿತು, ಬೆರಳು ಅದ್ದಿ ನೋಡುವ ಅಗತ್ಯ ಬೀಳಲಿಲ್ಲ. ಎದುರು ಮನೆಯ ಬಾಯಿ (ಕ್ರೈಸ್ತ ಹೆಂಗಸರನ್ನು ನಾವಿಲ್ಲಿ ಕರೆಯುವುದು ಹಾಗೆ) ಮೂರು ತೆಂಗಿನಕಾಯಿ ಕೊಟ್ಟು ಮಾನ ಉಳಿಸಿದರು.

ಅಂದಿನಿಂದ ನನ್ನ ತಯಾರಿ ತೆಂಗಿನಕಾಯಿಯ ಬೆನ್ನು ಹಿಡಿದು ಸಾಗುತ್ತದೆ. ಕಾಯಿ ಹಸಿಯಾಗಿ ಬೀಳುವ ಕೋಸಂಬರಿ, ಮಜ್ಜಿಗೆಹುಳಿ, ಪಲ್ಯ, ಪಾಯಸಗಳು ಹಬ್ಬದ ಬೆಳಗ್ಗೆ ಮಾತ್ರ. ಹುಳಿ ಬೆಲ್ಲದ ಜೊತೆ ಚೆನ್ನಾಗಿ ಕುದಿಯುವ, ಮೆಣಸ್ಕಾಯಿ ಎಂಬ ಸಿಹಿಖಾರದ ಪದಾರ್ಥ ಹಿಂದಿನ ದಿನ. ಒಂದು ರಾತ್ರಿ ಕಳೆದರೆ ಅದರ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕಾಯಿಯೇ ಬೇಡದವು ಅದಕ್ಕೂ ಮೊದಲು. ಆದರೆ ನಮ್ಮ ಕಡೆಯ ಅಡಿಗೆಯಲ್ಲಿ ಕಾಯಿ ಬೇಡದ ಪದಾರ್ಥ ಹುಡುಕುವುದೇ ಒಂದು ಕೆಲಸ.

2024ರ ಚೌತಿ ಸೆಪ್ಟೆಂಬರ್ 7, ಶನಿವಾರ. ಮರುದಿನವೇ ಕ್ರೈಸ್ತರ ಮೊಂತಿ ಹಬ್ಬ, ಮೇರಿ ಮಾತೆಯ ಜನ್ಮದಿನ. ಅಂದು ಅವರ ಮನೆಗಳಲ್ಲೂ ತರಕಾರಿಯದೇ ಊಟ. ಎರಡು ಹಬ್ಬ ಬೆನ್ನುಬೆನ್ನಿಗೆ ಬಂದರೆ ಅಲಸಂಡೆ, ಬೆಂಡೆ, ಹೀರೆ, ಹರಿವೆಗಳ ಬೆಲೆ ಏನಾಗುತ್ತದೆ ಎಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬಾಡದ ಸೌತೆಕಾಯಿ, ಅನಾನಸು, ಅಂಬಟೆಗಳನ್ನು ಸೋಮವಾರವೇ ತಂದೆ. ಅಲಸಂಡೆ ಮತ್ತು ಹರಿವೆಯನ್ನು ಬುಧವಾರ ಕೊಂಡು, ಹರಿವೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಗುರುವಾರ ಸಾರಿನ ಪುಡಿ, ಹುಳಿಯ ಮಸಾಲೆಗೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಉದ್ದು, ಮೆಂತೆ, ಬ್ಯಾಡಗಿ ಮೆಣಸು, ಜೊತೆಗೆ ಅಂಬಟೆಯ ಗೊಜ್ಜು ಆದವು. ಪಾಯಸದ ಬೆಲ್ಲವನ್ನೂ ಅಂದೇ ಕರಗಿಸಿ ಸೋಸಿಟ್ಟೆ. ಬೆಲ್ಲ ಸೋಸುವುದು ಚಿಕ್ಕ ಕೆಲಸವೆಂದು ಕಾಣುತ್ತದೆ, ಹಬ್ಬದ ಬೆಳಗ್ಗೆ ಅದೇ ಒಂದು ಒಲೆಯನ್ನು ಕಾಲು ಗಂಟೆ ಹಿಡಿದು ಕೂರುತ್ತದೆ.

ಶುಕ್ರವಾರ, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯ ದಿನ. ಚೌತಿಗೆ ಹೇಳಿ ಮಾಡಿಸಿದ ತಿಂಡಿ ಇದು, ಏಕೆಂದರೆ ಹಿಂದಿನ ದಿನ ಮಾಡಿದರೇ ಇದಕ್ಕೆ ಕಳೆ. ಒಂದು ಕಿಲೋ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಕಾಯಿ, ಮೆಣಸು, ಕೊತ್ತಂಬರಿ, ಬೆಲ್ಲದೊಂದಿಗೆ ಸ್ವಲ್ಪ ತರಿಯಾಗಿಯೇ ಅರೆದೆ. ಹುಣಸೆಹುಳಿಯಲ್ಲಿ ಜಿಪುಣತನ ಮಾಡಬಾರದು, ಕೆಸುವಿನ ತುರಿಕೆಯನ್ನು ಕೊಲ್ಲುವುದು ಅದೇ. ಎಲೆಯ ಬೆನ್ನಿನ ದಪ್ಪ ನರವನ್ನು ಕತ್ತಿಯಿಂದ ಹೆರೆದು ಸಪಾಟು ಮಾಡಿಕೊಂಡರೆ ಸುರುಳಿ ಬಿಚ್ಚಿಕೊಳ್ಳುವುದಿಲ್ಲ. ಬೆನ್ನು ಮೇಲಾಗಿ ಎಲೆ ಹಾಸಿ, ಹಿಟ್ಟನ್ನು ಕೈಯಿಂದ ತೆಳ್ಳಗೆ ಸವರಿ, ಅದರ ಮೇಲೆ ತಲೆ ಬುಡ ಅದಲುಬದಲಾಗಿ ಇನ್ನೊಂದು, ಹೀಗೆ ಐದು ಎಲೆಗೆ ಒಂದು ಸುರುಳಿ. ಆರು ಸುರುಳಿಗಳು ಒಂದು ಗಂಟೆ ಹಬೆಯಲ್ಲಿ ಬೆಂದವು. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತದೆ. ಮರುದಿನ ತಣ್ಣಗಿನ ಸುರುಳಿಗೆ ಕತ್ತಿ ಹಾಕಿದರೆ ಹಸಿರು ಸುತ್ತು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತದೆ. ಆಮೇಲೆ ಬೇಕಾದದ್ದು ತೆಂಗಿನೆಣ್ಣೆ, ಸಾಸಿವೆ, ಹತ್ತು ನಿಮಿಷ.

ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಯೇ ಮೂಡೆ. ಆ ಕೊಟ್ಟೆ ಕಟ್ಟುವುದು ನನಗೆ ಬಾರದು, ಕಲಿಯುವ ಹಟವೂ ಇಲ್ಲ. ಕೇದಗೆ ಜಾತಿಯ ಮುಂಡೇವಿನ ಎಲೆಯಲ್ಲಿ ಸುತ್ತಿದ ಖಾಲಿ ಮೂಡೆಗಳು ಹಬ್ಬದ ಮುನ್ನಾದಿನಗಳಲ್ಲಿ ರಥಬೀದಿಯಲ್ಲಿ ಮಾರಾಟಕ್ಕೆ ಬರುತ್ತವೆ. ಮುಕ್ಕಾಲು ಕಿಲೋ ಉದ್ದು, ಒಂದೂವರೆ ಕಿಲೋ ಅಕ್ಕಿತರಿ: 38 ಮೂಡೆ. ಮಳೆಗಾಲದಲ್ಲಿ ಹಿಟ್ಟು ಹುದುಗುವುದಕ್ಕೆ ಸೋಮಾರಿ, ಆದ್ದರಿಂದ ಶುಕ್ರವಾರ ಬೆಳಗ್ಗೆಯೇ ರುಬ್ಬಿ, ಪಾತ್ರೆಗೆ ಹಳೆಯ ಕಂಬಳಿ ಹೊದೆಸಿ, ರಾತ್ರಿ ಬೇಯಿಸಿ ಮುಗಿಸಿದೆ. ಎಲೆಯೊಳಗಿದ್ದರೆ ಮೂಡೆ ಮರುದಿನಕ್ಕೂ ಮೆತ್ತಗಿರುತ್ತದೆ. ಕರೆಂಟ್ ಬೇಕಾಗುವ ಕೆಲಸವೆಲ್ಲ ಶುಕ್ರವಾರವೇ ಮುಗಿದಿರಬೇಕು ಎಂಬುದು ನನ್ನ ಇನ್ನೊಂದು ಹಟ. ಶನಿವಾರಕ್ಕೆ ಉಳಿದದ್ದು ಕಾಯಿ ಅರೆಯುವುದು ಒಂದೇ.

ಇಷ್ಟಾದ ಮೇಲೆ ಅತ್ತೆಯ ಆಕ್ಷೇಪ. "ನಿನ್ನೆ ಮಾಡಿದ್ದು ದೇವರಿಗೆ ಆಗುವುದಿಲ್ಲ ಮಗಳೇ." ನಾನು ವಾದ ಮಾಡಲಿಲ್ಲ. ಒಂದು ಬರ್ನರನ್ನು ಬೆಳಗ್ಗೆ ಐದರಿಂದ ಏಳೂವರೆಯವರೆಗೆ ಅವರಿಗೇ ಬಿಟ್ಟುಕೊಟ್ಟೆ. ಮಡಿಯುಟ್ಟು 21 ಕಡುಬು, ಪಂಚಕಜ್ಜಾಯ, ಒಂದು ಪುಟ್ಟ ಪಾತ್ರೆ ಅನ್ನ, ಸ್ವಲ್ಪ ಪಾಯಸ ಅವರೇ ಮಾಡಿದರು. ನೈವೇದ್ಯ ಗಣಪತಿಗೆ, ಹಿಂದಿನ ದಿನದ್ದು ನಮಗೆ. ಇಬ್ಬರಿಗೂ ಸಮಾಧಾನ.

ನೈವೇದ್ಯವಾಗುವ ತನಕ ಯಾವುದನ್ನೂ ರುಚಿ ನೋಡುವಂತಿಲ್ಲ. ಇದು ಅನುಭವಸ್ಥರಿಗೆ ದೊಡ್ಡ ವಿಷಯವಲ್ಲ, ನನಗೆ ಭಯ. ಹಾಗಾಗಿ ಒಂದು ವಾರ ಮೊದಲು ಒಂದೊಂದು ಪದಾರ್ಥವನ್ನು ನಾಲ್ಕು ಜನರಿಗೆ ಮಾಡಿ, ಹಾಕಿದ ಉಪ್ಪನ್ನು ಚಮಚದಲ್ಲಿ ಅಳೆದು ಬರೆದುಕೊಂಡಿದ್ದೆ. ಹಬ್ಬದ ದಿನ ಆರು ಬಟ್ಟಲುಗಳಲ್ಲಿ ಉಪ್ಪು ಅಳತೆಯಾಗಿ ಸಾಲಾಗಿ ಕುಳಿತಿತ್ತು. 22 ಜನಕ್ಕೆ ನೇರ ಐದೂವರೆ ಪಾಲು ಹಾಕಬಾರದು, ಐದು ಪಾಲು ಹಾಕಿ ಉಳಿದದ್ದನ್ನು ನೈವೇದ್ಯದ ನಂತರ ನೋಡಿಕೊಳ್ಳಬೇಕು.

ಒಟ್ಟು 14 ಕಾಯಿ: ಪಾಯಸಕ್ಕೆ ಐದು, ಮಜ್ಜಿಗೆಹುಳಿಗೆ ಎರಡು, ಸೌತೆಕಾಯಿ ಹುಳಿಗೆ ಎರಡು, ಪಲ್ಯಗಳಿಗೆ ಎರಡು, ಮೆಣಸ್ಕಾಯಿ, ಪತ್ರೊಡೆ, ಕೋಸಂಬರಿಗೆ ಒಂದೊಂದು. ಪಾಯಸದ ಕಾಯಿಹಾಲಿಗೆ ಮಾತ್ರ ನನ್ನ ಕೈಯೇ ಆಗಬೇಕು. ಎರಡನೆಯ ಹಾಲಿನಲ್ಲಿ ಕಡಲೆಬೇಳೆ ಬೆಲ್ಲದೊಂದಿಗೆ ಕುದಿದು, ಒಲೆ ಆರಿಸಿದ ಮೇಲೆ ದಪ್ಪ ಹಾಲು. ಆಮೇಲೆ ಕುದಿಸಿದರೆ ಒಡೆಯುತ್ತದೆ. ಬಿಸಿ ಆರಿದೆಯೆಂದು ಹಿಂದಿನ ಸಲ ನಾದಿನಿ ಮತ್ತೆ ಒಲೆಗೇರಿಸಿ, ಮೇಲೆಲ್ಲ ಎಣ್ಣೆ ತೇಲಿತ್ತು. ಈ ಸಲ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದ್ದೆ.

ಎರಡು ಪಂಕ್ತಿ, ಮೊದಲು 12, ಆಮೇಲೆ 10. ಮೊಣಕಾಲು ಮಡಚಲಾಗದ ದೊಡ್ಡಪ್ಪ ಮತ್ತು ಇಬ್ಬರು ಚಿಕ್ಕಮ್ಮಂದಿರಿಗೆ ಮೇಜು. ಹಪ್ಪಳವನ್ನು ಬೆಳಗ್ಗೆಯೇ ಕರಿದು ಡಬ್ಬಕ್ಕೆ ಹಾಕಿದ್ದು ನನ್ನ ತಪ್ಪು, ಮಳೆಯ ಹವೆಗೆ ಎರಡನೆಯ ಪಂಕ್ತಿಗೆ ಬರುವಾಗ ಚರ್ಮದಂತಾಗಿತ್ತು. "ಹಪ್ಪಳ ಮುರಿಯುವುದಕ್ಕೆ ಕತ್ತಿ ಕೊಡು" ಎಂದು ಭಾವ ಕೇಳಿದರು. ಉಳಿದದ್ದೆಲ್ಲ ಖರ್ಚಾಯಿತು, ಮೂಡೆ ನಾಲ್ಕು ಉಳಿಯಿತು.

ಸಂಜೆ ಪಾತ್ರೆ ತೊಳೆದು ಫ್ರಿಜ್ ತೆರೆದರೆ, ಗುರುವಾರ ಎಲ್ಲಕ್ಕಿಂತ ಮೊದಲು ಮಾಡಿಟ್ಟ ಅಂಬಟೆ ಗೊಜ್ಜು ಹಾಗೆಯೇ ಕುಳಿತಿತ್ತು. ಬಡಿಸುವ ಪಟ್ಟಿಯಲ್ಲೇ ಬರೆದಿರಲಿಲ್ಲ. ಭಾನುವಾರ ಬೆಳಗ್ಗೆ ಅದನ್ನು ಎದುರು ಮನೆಯ ಬಾಯಿಗೆ ಕೊಟ್ಟೆ. ಮೊಂತಿ ಹಬ್ಬದ ಊಟದಲ್ಲಿ ತರಕಾರಿಯ ಬಗೆಗಳು ಬೆಸಸಂಖ್ಯೆಯಲ್ಲಿರಬೇಕು. ಅವರದು ಆರಕ್ಕೆ ನಿಂತಿತ್ತಂತೆ. ನನ್ನ ಗೊಜ್ಜು ಏಳನೆಯದಾಯಿತು.