ಅಪ್ಪೆಮಿಡಿಗೊಂದು ವೆಬ್ ಪುಟ: ವೆಬ್ ಡಿಸೈನ್ ಕಲಿಕೆ ಶುರುಮಾಡುವುದು ಹೇಗೆ?

ವೆಬ್ ಡಿಸೈನ್ ಕಲಿಯಬೇಕೆನ್ನುವ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರ ಮೊದಲ ಚಿಂತೆ ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಆದರೆ ಆರಂಭದ ಕಲಿಕೆಗೆ ಇಂಟರ್‌ನೆಟ್ ಬೇಕಾಗುವುದು ಬಹಳ ಕಡಿಮೆ. ವೆಬ್ ಪುಟ ಎಂದರೆ ಒಂದು ಫೈಲು, ಅಷ್ಟೇ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದ್ದರೂ ಬ್ರೌಸರ್ ಓದಿ ತೋರಿಸುತ್ತದೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ನೆಟ್ ಸಿಕ್ಕ ದಿನ, ಪುಟದ ಕೋಡ್ ಬರೆಯಲು ಉಚಿತವಾಗಿ ಸಿಗುವ ವಿಎಸ್ ಕೋಡ್ ಎಡಿಟರನ್ನು ಇಳಿಸಿಕೊಂಡುಬಿಡಿ.

ಹತ್ತಾರು ವಿಡಿಯೊ ನೋಡುತ್ತ ಕೂರುವುದಕ್ಕಿಂತ ನಿಜವಾದ ಒಂದು ಪುಟ ಕಟ್ಟುವುದು ಒಳ್ಳೆಯದು. ಮನೆಯಲ್ಲಿ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಒಂದು ಶೀರ್ಷಿಕೆ, ಒಂದು ಫೋಟೊ, ಮಿಡಿ ಯಾವುದು ಎಂದು ಹೇಳುವ ನಾಲ್ಕು ಸಾಲು, ಅರ್ಧ ಕೆ.ಜಿ., ಒಂದು ಕೆ.ಜಿ. ಜಾಡಿಗಳ ಪಟ್ಟಿ. ಮೊದಲ ಪುಟಕ್ಕೆ ಇಷ್ಟು ಸಾಕು.

ಮೊದಲ ಫೈಲು

ಹೊಸ ಫೋಲ್ಡರ್ ಮಾಡಿ, ಅದನ್ನು ವಿಎಸ್ ಕೋಡ್‌ನಲ್ಲಿ ತೆರೆಯಿರಿ. ಅದರೊಳಗೆ 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' (index.html) ಎಂಬ ಹೆಸರಿನ ಫೈಲ್ ಸೃಷ್ಟಿಸಿ. ಎಚ್‌ಟಿಎಂಎಲ್ ಎಂದರೆ ಪುಟದಲ್ಲಿ ಏನೇನಿದೆ ಎಂದು ಬ್ರೌಸರಿಗೆ ಹೇಳುವ ಭಾಷೆ. ಫೈಲುಗಳ ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ಖಾಲಿ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಪುಟದ ಹಂದರ ತಾನಾಗಿಯೇ ಬರುತ್ತದೆ. ಅದರಲ್ಲಿ ಭಾಷೆ ಇಂಗ್ಲಿಷ್ ಎನ್ನುವ 'ಇ ಎನ್' (en) ಸಂಕೇತ ಇರುತ್ತದೆ. ಆ ಎರಡಕ್ಷರ ಅಳಿಸಿ ಕನ್ನಡದ ಸಂಕೇತವಾದ 'ಕೆ ಎನ್' (kn) ಹಾಕಿ. ದೃಷ್ಟಿ ಇಲ್ಲದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಕನ್ನಡದ ದನಿ ಆರಿಸಿಕೊಳ್ಳುವುದು ಇದನ್ನು ನೋಡಿಯೇ.

ಹಂದರದಲ್ಲಿ ಬರುವ ವ್ಯೂಪೋರ್ಟ್ ಸಾಲನ್ನು ಅಳಿಸಬೇಡಿ. ಅದಿಲ್ಲದಿದ್ದರೆ ಮೊಬೈಲು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ತಿಳಿದು, ಇಡೀ ಪುಟವನ್ನು ಕುಗ್ಗಿಸಿ ಇರುವೆಯಷ್ಟು ಸಣ್ಣ ಅಕ್ಷರ ತೋರಿಸುತ್ತದೆ.

ಕನ್ನಡ ಕೆಟ್ಟು ಕಂಡರೆ

ಕನ್ನಡ ಪುಟ ಮಾಡುವ ಬಹುತೇಕ ಎಲ್ಲರೂ ಎಡವುವ ಜಾಗ ಇದು. ಅಕ್ಷರ ಕೆಡುವುದು ಎರಡು ಬಗೆಯಲ್ಲಿ, ಎರಡಕ್ಕೂ ಮದ್ದು ಬೇರೆ. ಒಂದೊಂದು ಕನ್ನಡ ಅಕ್ಷರದ ಬದಲು ಎರಡು ಮೂರು ವಿಚಿತ್ರ ಚಿಹ್ನೆಗಳು, ಅದರಲ್ಲೂ ಒಂದೇ ಜೋಡಿ ಮತ್ತೆ ಮತ್ತೆ ಕಂಡರೆ, ಪಠ್ಯ ಸರಿಯಾಗಿಯೇ ಇದೆ. ಬ್ರೌಸರ್ ತಪ್ಪಾಗಿ ಓದುತ್ತಿದೆ. ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಆ ಮೂರನ್ನೂ ಬ್ರೌಸರ್ ಬಿಡಿಬಿಡಿಯಾಗಿ ಓದಿದಾಗ ಹೀಗಾಗುತ್ತದೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ಬ್ರೌಸರಿಗೆ ಹೇಳುವ ಚಾರ್‌ಸೆಟ್ ಸಾಲು ಹಂದರದಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ.

ಇನ್ನೊಂದು ಬಗೆ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯದ್ದು. ಅದನ್ನು ತಂದು ಅಂಟಿಸಿದರೆ ಕೊಂಬು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಂಥವು. ಚಾರ್‌ಸೆಟ್ ಎಷ್ಟು ತಿದ್ದಿದರೂ ಇದು ಸರಿಹೋಗದು. ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ಯುನಿಕೋಡ್‌ಗೆ ಪರಿವರ್ತಿಸಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು.

ಅಂದಕ್ಕೆ ಸಿಎಸ್‌ಎಸ್

ಶೀರ್ಷಿಕೆ, ಪ್ಯಾರಾ, ಪಟ್ಟಿ, ಚಿತ್ರ, ಕೊಂಡಿ, ಇವಿಷ್ಟರ ಟ್ಯಾಗ್ (ಇದು ಏನೆಂದು ಬ್ರೌಸರಿಗೆ ಹೇಳುವ ಎಚ್‌ಟಿಎಂಎಲ್ ಗುರುತು) ಕೈಗೆ ಹತ್ತಲು ದಿನಕ್ಕೊಂದು ಗಂಟೆಯಂತೆ ಎರಡು ವಾರ ಬೇಕು. ಪುಟದ ಬಣ್ಣ, ಅಳತೆ, ಅಂತರಗಳನ್ನು ಹೇಳುವ ಭಾಷೆಯಾದ ಸಿಎಸ್‌ಎಸ್‌ಗೆ ಅದರ ಎರಡರಷ್ಟು ಸಮಯ ಕೊಡಿ. ಮೊದಲು ಸಾಲುಗಳ ಅಂತರ ಸರಿಮಾಡಿ. 'ಅಪ್ಪೆಮಿಡಿ ಉಪ್ಪಿನಕಾಯಿ' ಎಂಬ ಶೀರ್ಷಿಕೆ ಮೊಬೈಲಿನಲ್ಲಿ ಎರಡು ಸಾಲಾಗಿ ಮುರಿದಾಗ, ಮೇಲಿನ ಸಾಲಿನ ಪಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿಗೆ ಸಾಕಾಗುವ, ಅಕ್ಷರದ ಗಾತ್ರದ 1.2ರಷ್ಟು ಅಂತರ ನಮಗೆ ಸಾಲದು, 1.6ರಿಂದ 1.8 ಇಡಿ. ಪೆಟ್ಟಿಗೆಗಳಿಗೆ ನಿಗದಿತ ಎತ್ತರ ಕೊಡಬೇಡಿ, ಒತ್ತಕ್ಷರ ಹೊರಗೆ ಚಾಚುತ್ತದೆ ಅಥವಾ ಕತ್ತರಿಸಿಹೋಗುತ್ತದೆ. ಈಗಿನ ಮೊಬೈಲುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಬೇರೆ ಫಾಂಟ್ ಹೊರಿಸಿ ಪುಟವನ್ನು ಭಾರ ಮಾಡುವ ಅಗತ್ಯವಿಲ್ಲ.

ನಿಜವಾದ ಭಾರ ಇರುವುದು ಫೋಟೊದಲ್ಲಿ. ಮೊಬೈಲಿನಲ್ಲಿ ತೆಗೆದ ಜಾಡಿಯ ಚಿತ್ರ 4 ಎಂಬಿ ಇದೆ ಎನ್ನಿ. ಸೆಕೆಂಡಿಗೆ 50 ಕೆಬಿ ಬರುವ ಗುಡ್ಡದ ಸಿಗ್ನಲ್ಲಿನಲ್ಲಿ ಅದು ಪೂರ್ತಿ ಕಾಣಲು 80 ಸೆಕೆಂಡ್ ಬೇಕು. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, 150 ಕೆಬಿಗೆ ಕುಗ್ಗಿಸಿದರೆ 3 ಸೆಕೆಂಡ್ ಸಾಕು. ಸಿಎಸ್‌ಎಸ್‌ನಲ್ಲಿ ಚಿತ್ರದ ಗರಿಷ್ಠ ಅಗಲ 100% ಎಂದು ಬರೆದರೆ ಪರದೆಯಿಂದಾಚೆ ಹೋಗದು. ಕ್ರೋಮ್‌ನಲ್ಲಿ ಎಫ್12 ಒತ್ತಿ, ಮೊಬೈಲ್ ಚಿಹ್ನೆ ಆರಿಸಿ, 360 ಪಿಕ್ಸೆಲ್ ಅಗಲದಲ್ಲಿ ಪುಟವನ್ನು ಪರೀಕ್ಷಿಸಿ.

ಊರಿಗೆ ಕಾಣಿಸುವುದು

ಈಗ ನೆಟ್ ಬೇಕು. ಕೋಡ್ ಫೈಲುಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಖಾತೆ ತೆರೆದು, ಸಾರ್ವಜನಿಕ ರೆಪಾಸಿಟರಿ (ಫೈಲುಗಳ ಸಂಗ್ರಹ) ಮಾಡಿ, ಫೈಲುಗಳನ್ನು ಏರಿಸಿ, ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ಚಾಲೂ ಮಾಡಿದರೆ ಕೆಲವೇ ನಿಮಿಷದಲ್ಲಿ ಪುಟಕ್ಕೆ ವಿಳಾಸ ಸಿಗುತ್ತದೆ, ಖರ್ಚಿಲ್ಲ. ಆದರೆ ಅದು ವ್ಯಾಪಾರ ನಡೆಸಲು ಇರುವ ಜಾಗವಲ್ಲ ಎಂದು ಅದರ ನಿಯಮವೇ ಹೇಳುತ್ತದೆ. ಅಭ್ಯಾಸಕ್ಕಷ್ಟೇ ಬಳಸಿ; ಆರ್ಡರ್ ಪಡೆಯುವ ಹಂತಕ್ಕೆ ಬಂದಾಗ ಸ್ವಂತ ಡೊಮೈನ್ (ವೆಬ್ ವಿಳಾಸ), ಹೋಸ್ಟಿಂಗ್ (ಪುಟ ಇಡುವ ಜಾಗ) ಕೊಳ್ಳಿ. ರೆಪಾಸಿಟರಿಯನ್ನು ಯಾರು ಬೇಕಾದರೂ ನೋಡಬಹುದು, ಹಾಗಾಗಿ ಮನೆಯವರ ಫೋನ್ ನಂಬರ್ ಅಲ್ಲಿ ಹಾಕಬೇಡಿ.

ಲ್ಯಾಪ್‌ಟಾಪಿನಲ್ಲಿ ಕಂಡ ಚಿತ್ರ ಇಲ್ಲಿ ಕಾಣದಿದ್ದರೆ ಫೈಲಿನ ಹೆಸರು ನೋಡಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ಪುಟವನ್ನು ಇಟ್ಟಿರುವ ಸರ್ವರ್ ಕಂಪ್ಯೂಟರಿಗೆ ಹಾಗಲ್ಲ. ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಯ 'ಜೆಪಿಜಿ' ದೊಡ್ಡಕ್ಷರದಲ್ಲಿದ್ದು, ನೀವು ಸಣ್ಣಕ್ಷರದಲ್ಲಿ ಬರೆದಿದ್ದರೆ ಚಿತ್ರ ಸಿಗುವುದಿಲ್ಲ.

ಪುಟದಿಂದ ಲೆಕ್ಕದಂಥ ಕೆಲಸ ಮಾಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟನ್ನು ಇದೆಲ್ಲ ಆದ ಮೇಲೆ ಮುಟ್ಟಿ. ಅರ್ಧ ಕೆ.ಜಿ.ಯವು ಎಷ್ಟು, ಒಂದು ಕೆ.ಜಿ.ಯವು ಎಷ್ಟು ಎಂದು ಕೇಳಿ ಒಟ್ಟು ಜಾಡಿ ತೋರಿಸುವ ಲೆಕ್ಕ ಮೊದಲ ಅಭ್ಯಾಸಕ್ಕೆ ಚೆನ್ನಾಗಿದೆ. 2 ಮತ್ತು 3 ಕೊಟ್ಟಾಗ ಉತ್ತರ 23 ಎಂದು ಬಂದರೆ ಗಾಬರಿ ಬೇಡ. ಬಳಕೆದಾರರು ತುಂಬಿದ್ದನ್ನು ಜಾವಾಸ್ಕ್ರಿಪ್ಟ್ ಅಂಕಿಯಾಗಿ ನೋಡದೆ ಅಕ್ಷರವಾಗಿ ನೋಡಿ, ಒಂದರ ಪಕ್ಕ ಒಂದು ಜೋಡಿಸಿರುತ್ತದೆ. ಎರಡನ್ನೂ 'ನಂಬರ್' ಎಂಬ ಫಂಕ್ಷನ್‌ನಲ್ಲಿ ಹಾಯಿಸಿ ಕೂಡಿಸಿ, 5 ಬರುತ್ತದೆ.