ಹಾಸಿಗೆಯಿಂದ ಬಚ್ಚಲಿಗೆ ಹತ್ತು ಹೆಜ್ಜೆ

ವಯಸ್ಸಾದವರನ್ನು ‘ಬಿದ್ದಿದ್ದೀರಾ?’ ಎಂದರೆ ‘ಇಲ್ಲಪ್ಪ’ ಅನ್ನುತ್ತಾರೆ. ‘ಎಲ್ಲಾದರೂ ಕಾಲು ಜಾರಿ ಕೂತುಬಿಟ್ಟಿರಾ, ಗೋಡೆ ಹಿಡಿದುಕೊಂಡಿರಾ?’ ಎಂದರೆ ಮಾತು ಹೊರಬರುತ್ತದೆ. ಫಿಸಿಯೋಥೆರಪಿ ಮಾಡಿಸಲು ಹೋದ ಮನೆಯಲ್ಲಿ ನನ್ನ ಮೊದಲ ಪ್ರಶ್ನೆ ಇದೇ. ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಆಮೇಲೆ ಬಿಪಿ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಎದ್ದಾಗ ತಲೆ ಸುತ್ತಿ ಬೀಳಬಹುದು; ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಬಳಿ ಕಳಿಸುತ್ತೇನೆ. ನಿದ್ದೆ, ಬಿಪಿ, ಪ್ರಾಸ್ಟೇಟ್ ಮಾತ್ರೆಗಳ ಮೇಲೆ ನನಗೆ ಗುಮಾನಿ ಜಾಸ್ತಿ. ತಾವಾಗಿಯೇ ನಿಲ್ಲಿಸಬಾರದು, ಅಷ್ಟೇ.

ನಡಿಗೆಯ ಪರೀಕ್ಷೆಗೆ ಕೈಯಿರುವ ಕುರ್ಚಿ, ಮೂರು ಮೀಟರ್ ದೂರಕ್ಕೊಂದು ಗುರುತು. ಎದ್ದು, ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡು ಹಿಡಿದರೆ ಎಚ್ಚರಿಕೆ. ಮನೆಯವರು ‘ಬೇಗ ಬೇಗ’ ಎಂದು ಹುರಿದುಂಬಿಸಿದರೆ ಲೆಕ್ಕ ಕೆಡುತ್ತದೆ. ದಿನದ ನಡಿಗೆಯೇ ಬೇಕು.

ಹಾಸಿಗೆಯಿಂದ ಬಚ್ಚಲಿನ ದಾರಿಯನ್ನು ರಾತ್ರಿಯಂತೆ ಕತ್ತಲಾಗಲಿ ಎಂದು ಕಿಟಕಿ ಮುಚ್ಚಿಸಿ ನಾನೇ ನಡೆದು ನೋಡುತ್ತೇನೆ. ಹೊಸಿಲು, ಮಡಚಿಕೊಂಡ ಕಾಲೊರಸು, ಸವೆದ ಹವಾಯಿ ಚಪ್ಪಲಿ ಆಗ ಕಾಲಿಗೆ ಸಿಗುತ್ತವೆ.

ಬಚ್ಚಲಿಗೆ ಎಲ್ಲರೂ ಮೊದಲು ತರುವುದು ರಬ್ಬರ್ ಮ್ಯಾಟ್. ಅಡಿಯಲ್ಲಿ ಸೋಪಿನ ಲೋಳೆ ಕಟ್ಟಿದರೆ ಮ್ಯಾಟೇ ಜಾರುತ್ತದೆ. ಗ್ರ್ಯಾಬ್ ಬಾರ್, ಅಂದರೆ ಗೋಡೆಗೆ ಬಿಗಿದ ಹಿಡಿಕೆ ಸರಳು, ಹಾಕಿಸಿ ಎಂಬುದು ನನ್ನ ಹಟ: 32ರಿಂದ 38 ಮಿ.ಮೀ. ದಪ್ಪ, ಗೋಡೆಗೆ ಒಂದೂವರೆ ಇಂಚು ಸಂದು, ನೆಲದಿಂದ 33ರಿಂದ 36 ಇಂಚು ಎತ್ತರ. ಇಂಡಿಯನ್ ಟಾಯ್ಲೆಟ್ ಆದರೆ ಕುಕ್ಕರಗಾಲಲ್ಲಿ ಕೂತಾಗಲೂ ಕೈಗೆಟುಕುವಂತೆ ಇನ್ನೊಂದನ್ನು ಉದ್ದುದ್ದ ನಿಲ್ಲಿಸಬೇಕು. ಟವೆಲ್ ರಾಡ್ ಭಾರಕ್ಕೆ ಕಿತ್ತು ಬರುತ್ತದೆ. ಒತ್ತಿ ಅಂಟಿಸುವ ಹಿಡಿಕೆ ಹೇಳದೆ ಕೇಳದೆ ಬಿಟ್ಟುಕೊಳ್ಳುತ್ತದೆ. ಬಾರಿನ ಸ್ಕ್ರೂ ಹಿಡಿದುಕೊಳ್ಳುವ ಪ್ಲಗ್ ಟೈಲ್ ದಾಟಿ ಇಟ್ಟಿಗೆಯೊಳಗೆ ಇಳಿಯಬೇಕು; ಹಾಲೋ ಬ್ಲಾಕ್ (ಒಳಗೆ ಟೊಳ್ಳಿರುವ ಇಟ್ಟಿಗೆ) ಗೋಡೆಗೆ ಕೆಮಿಕಲ್ ಆಂಕರ್, ಅಂದರೆ ಅಂಟು ತುಂಬಿ ಕೂರಿಸುವ ಬೋಲ್ಟ್. ಬಿಗಿದ ಮೇಲೆ ನಾನೇ ಜೋತುಬಿದ್ದು ನೋಡುತ್ತೇನೆ.

ಕೂತಲ್ಲೇ ಕಾಲಾಡಿಸುವ ವ್ಯಾಯಾಮದಿಂದ ಸಮತೋಲ ಬರುವುದಿಲ್ಲ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು, ಒಂದು ಪಾದದ ಮುಂದೆ ಇನ್ನೊಂದಿಟ್ಟು 10 ಸೆಕೆಂಡು ನಿಲ್ಲುವುದು: ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಕಟ್ಟೆಯನ್ನು ಎರಡು ಕೈಯಿಂದ ಒಂದಕ್ಕೆ, ಒಂದರಿಂದ ಬೆರಳಿಗೆ ಸಡಿಲಿಸುತ್ತ ಹೋಗಬೇಕು, ಪಕ್ಕದಲ್ಲಿ ಯಾರಾದರೂ ನಿಂತಿರಲಿ.

ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಬಳಿ ಮೂಳೆ ಮುರಿದಿರಬಹುದು. ಅಲ್ಲೇ ಹೊದಿಸಿ 108ಕ್ಕೆ ಫೋನ್ ಮಾಡಿ. ಕಾಲು ನೆಟ್ಟಗಿದ್ದರೂ ತೊಡೆಸಂದಿ ನೋಯುತ್ತಿದ್ದರೆ ಎಕ್ಸ್‌ರೇ ಆಗುವವರೆಗೆ ನಡೆಸಬೇಡಿ.