ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಪುಸ್ತಕ ಆರಿಸುವುದು ಹೇಗೆ?

‘ಪುಸ್ತಕದಲ್ಲಿ ಇದ್ದ ಹಾಗೇ ಟೈಪ್ ಮಾಡಿದೆ, ಆದ್ರೂ ಎರರ್ ಬರ್ತಿದೆ.’ ಹೊಸ ಭಾಷೆ ಕಲಿಯಲು ಕೂತವರು ಮೊದಲ ವಾರವೇ ಆಡುವ ಮಾತಿದು. ಎಷ್ಟೋ ಸಲ ತಪ್ಪು ಅವರದಲ್ಲ, ಪುಸ್ತಕದ್ದು. ಕೊಳ್ಳುವ ಮುಂಚೆ ಅರ್ಧ ಗಂಟೆ ತಿರುವಿ ನೋಡಿದರೆ ಈ ಪಾಡು ತಪ್ಪುತ್ತದೆ.

ಮೊದಲು, ಇದು ನಿಮಗೆ ಮೊದಲ ಭಾಷೆಯೋ ಎರಡನೆಯದೋ ನೋಡಿಕೊಳ್ಳಿ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಣುಕು) ಗೊತ್ತಿದ್ದವರಿಗೆ ವೇರಿಯಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಎಂದರೇನು ಎಂದು ನೂರು ಪುಟ ಹೇಳುವ ಪುಸ್ತಕ ಬೇಡ. ಆಮೇಲೆ ಭಾಷೆಯ ಅಧಿಕೃತ ತಾಣಕ್ಕೆ ಹೋಗಿ, ಈಗ ಚಾಲ್ತಿಯಲ್ಲಿರುವ ಆವೃತ್ತಿ ಯಾವುದೆಂದು ಬರೆದಿಟ್ಟುಕೊಳ್ಳಿ.

ಎಡವುವುದು ಇಲ್ಲಿಂದ ಮುಂದೆ. ಮುಖಪುಟ ಮಿರುಗುತ್ತಿದ್ದರೆ ಒಳಗಿನದೂ ಹೊಸದೆಂದು ನಂಬಿಬಿಡುತ್ತಾರೆ. ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಅಲ್ಲಿ ದೊಡ್ಡದಾಗಿ ಕಾಣುವ ಇಸವಿ ಮರುಮುದ್ರಣದ್ದಿರಬಹುದು. ಅಂದರೆ ಹಳೆಯ ಪುಟಗಳನ್ನೇ ಮತ್ತೆ ಅಚ್ಚು ಹಾಕಿದ್ದು. ನಿಮಗೆ ಬೇಕಾದದ್ದು ಪರಿಷ್ಕರಣೆಯ ಇಸವಿ. ಅದನ್ನೂ ಪೂರ್ತಿ ನಂಬಬೇಡಿ: ಕೊನೆಗೊಂದು ಅಧ್ಯಾಯ ಅಂಟಿಸಿ ‘ಪರಿಷ್ಕೃತ’ ಎನ್ನುವವರಿದ್ದಾರೆ. ಕೋಡನ್ನೇ ನೋಡಿ.

ಪೈಥಾನ್ ಪುಸ್ತಕದಲ್ಲಿ ‘ಪ್ರಿಂಟ್’ ಆದ ಮೇಲೆ ಬ್ರ್ಯಾಕೆಟ್ ಇಲ್ಲದೆ ನೇರವಾಗಿ ಉದ್ಧರಣ ಚಿಹ್ನೆ ಬಂದರೆ ಅದು ಪೈಥಾನ್ 2. ಅದರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ, ಆ ಸಾಲು ಇಂದಿನ ಪೈಥಾನ್‌ನಲ್ಲಿ ಓಡುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್ ಹುಟ್ಟುಹಾಕಲು ಎಲ್ಲೆಲ್ಲೂ ‘ವಾರ್’ (var) ಇದ್ದು ‘ಲೆಟ್’, ‘ಕಾನ್ಸ್ಟ್’ ಕಾಣದಿದ್ದರೆ 2015ಕ್ಕಿಂತ ಹಿಂದಿನ ಶೈಲಿಯ ಬರಹ. ಜಾವಾದಲ್ಲಿ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಂದದ್ದು 2014ರಲ್ಲಿ, ಪದಸೂಚಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಕೆಳಗಿಡಿ. ಸಿ ಭಾಷೆಯ ಪುಸ್ತಕ, ಟೈಪ್ ಮಾಡಿದ್ದನ್ನು ಓದಿಕೊಳ್ಳುವ ‘ಗೆಟ್ಸ್’ (gets) ಫಂಕ್ಷನ್ ಬಳಸಿದ್ದರೆ ಯೋಚನೆಯೇ ಬೇಡ. 20 ಅಕ್ಷರದ ಜಾಗಕ್ಕೆ 30 ಅಕ್ಷರ ಟೈಪ್ ಮಾಡಿದರೂ ಅದು ತಡೆಯದು. ಉಳಿದವು ಪಕ್ಕದ ಮೆಮೊರಿಯ ಮೇಲೆ ಹೋಗಿ ಕೂರುತ್ತವೆ. ಇದೇ ಕಾರಣಕ್ಕೆ 2011ರ ಸಿ ಮಾನಕದಿಂದ ಅದನ್ನು ತೆಗೆದುಹಾಕಿದರು.

ಇಷ್ಟು ಪಾಸಾದರೆ ಬರವಣಿಗೆ ನೋಡಿ. ಮೊದಲ ಅಧ್ಯಾಯ ಓದಬೇಡಿ, ಅದು ಎಲ್ಲ ಪುಸ್ತಕದಲ್ಲೂ ಚೆನ್ನಾಗಿಯೇ ಇರುತ್ತದೆ. ನಡುವಿನಲ್ಲಿ, ಫೈಲ್ ಓದುವ ಅಧ್ಯಾಯಕ್ಕೆ ಹೋಗಿ. ಫೈಲ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಲೇಖಕರು ಹೇಳಿದ್ದಾರೆಯೇ? ಇಲ್ಲವಾದರೆ ಬೇಡ. ಇನ್ನೊಂದು ಪರೀಕ್ಷೆ: ಪೈಥಾನ್‌ನಲ್ಲಿ ಲೂಪ್‌ಗೆ ಸಾಲು ಸಂಖ್ಯೆ ಒದಗಿಸುವ ‘ರೇಂಜ್’ಗೆ 1ರಿಂದ 10 ಎಂದು ಕೊಟ್ಟರೆ 9ಕ್ಕೇ ನಿಲ್ಲುತ್ತದೆ. ಕಳಪೆ ಪುಸ್ತಕ ‘ಈ ಸಾಲು ಲೂಪ್ ನಡೆಸುತ್ತದೆ’ ಎಂದು ಮುಂದೆ ಸಾಗುತ್ತದೆ. ಒಳ್ಳೆಯದು ಅಲ್ಲೇ ನಿಂತು, ಕೊನೆಯ ಸಂಖ್ಯೆ ಸೇರುವುದಿಲ್ಲ, ಹಾಗಾಗಿ 10ರಲ್ಲಿ 1 ಕಳೆದರೆ ಎಷ್ಟು ಸುತ್ತೆಂದು ಸಿಗುತ್ತದೆ, ಮುಂದಿನ ರೇಂಜನ್ನು 10ರಿಂದಲೇ ಶುರುಮಾಡಬಹುದು ಎಂದು ವಿವರಿಸುತ್ತದೆ. ಅದನ್ನೇ ಕೊಳ್ಳಿ.

ಅಭ್ಯಾಸದ ಪ್ರಶ್ನೆಗಳಿಲ್ಲದ ಪುಸ್ತಕ ಬೇಡವೇ ಬೇಡ. ಸಂದರ್ಶನದ ಪ್ರಶ್ನೋತ್ತರ ಸಂಗ್ರಹ, ಇಷ್ಟೇ ದಿನಗಳಲ್ಲಿ ಕಲಿಸುತ್ತೇನೆಂದು ಮುಖಪುಟದಲ್ಲೇ ಮಾತು ಕೊಡುವವು, ಇವುಗಳಿಂದ ಭಾಷೆ ಬರುವುದಿಲ್ಲ. ಕದ್ದ ಪಿಡಿಎಫ್‌ಗಳಿಂದ ಕೋಡ್ ಕಾಪಿ ಮಾಡುವ ಅಡ್ಡದಾರಿಯೂ ಕೈಕೊಡುತ್ತದೆ: ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ, ಪೈಥಾನ್‌ನಲ್ಲಾದರೆ ಸಾಲಿನ ಆರಂಭದ ಖಾಲಿ ಜಾಗವೇ ಮಾಯ. ಎರಡೂ ಎರರ್. ಕೈಯಾರೆ ಟೈಪ್ ಮಾಡಿ.

ಸಾವಿರ ಪುಟದ ಆಕರಗ್ರಂಥಕ್ಕೆ ದುಡ್ಡು ಸುರಿಯಬೇಡಿ, ಹಲವು ಪ್ರಮುಖ ಭಾಷೆಗಳ ಅಧಿಕೃತ ದಾಖಲೆ (ಡಾಕ್ಯುಮೆಂಟೇಶನ್) ಉಚಿತವಾಗಿ ಸಿಗುತ್ತದೆ. ಒಂದೇ ಪುಸ್ತಕ ಸಾಕು. ತಂದ ದಿನವೇ ಪ್ರಕಾಶಕರ ತಾಣದಲ್ಲಿ ತಪ್ಪೊಪ್ಪೋಲೆ (ಪುಸ್ತಕದ ತಪ್ಪುಗಳು, ಅವುಗಳ ತಿದ್ದುಪಡಿಗಳ ಪಟ್ಟಿ) ಇದೆಯೇ ಹುಡುಕಿ, ಇದ್ದರೆ ಆಯಾ ಪುಟದಲ್ಲಿ ಪೆನ್ಸಿಲ್ಲಿನಿಂದ ತಿದ್ದಿಕೊಂಡು ಕಲಿಯಲು ಕೂರಿ.